ಹಂಸ-ಗರಗಸದ ಆಕರ್ಷಣೆ ಏನೆಂದು ತಾವು ಕೇಳಿದ್ದಕ್ಕೆ

ಮಾನ್ಯರೇ,

ಗ್ರಾಮೀಣ ಆಕರ್ಷಣಾ ವಿಭಾಗದ ಮುಖ್ಯಸ್ಥರಾದ ತಮಗೆ, ಸಾಮರ್‌ಸೆಟ್ ಸೀಮೆಯ ನೆದರ್ ಕೂಮ್ ಗ್ರಾಮದ ಚರ್ಚಿನಲ್ಲಿ ಆರ್ಗನ್ ನುಡಿಸುವ ಎನಿಡ್ ಹಕ್ಸ್‌ಟೇಬಲ್ ಎಂಬ ನಾನು ಮಾಡುವ ಅನೇಕಾನೇಕ ವಂದನೆಗಳು. ತಾವೂ, ತಮ್ಮ ಕುಟುಂಬದವರೂ, ತಮ್ಮ ಕಂಪನಿಯ ಷೇರುದಾರರೂ ಕ್ಷೇಮವೆಂದು ನಂಬಿದ್ದೇನೆ. ಇಲ್ಲಿ ನಾವೂ ಕ್ಷೇಮ. ಅದರಲ್ಲಿ ತಮ್ಮ ಪಾತ್ರ ಎಷ್ಟೆಂಬುದನ್ನು ಯಥಾವತ್ತಾಗಿ ನಿವೇದಿಸುವುದೇ ಈ ಬಹಿರಂಗ ಪತ್ರದ ಉದ್ದೇಶ.

ಸಾಂಪ್ರದಾಯಿಕ ಹಳ್ಳಿ ಪಬ್ಬಿನ ಆಕರ್ಷಣೆ ಏನು ಎಂದು ತಾವು ನಮ್ಮೂರಿನ ಮನೆಮನೆಗೂ ಬರೆದು ಕೇಳಿದ್ದೀರಿ. ನಮ್ಮೂರ ಪಬ್ಬಾದ ಹಂಸ-ಗರಗಸವನ್ನು ಕೊಂಡು, ಒಳಗಿನದ್ದನ್ನೆಲ್ಲ ಕಿತ್ತು, ಹೊಸ ಸಾಮಾನು ತಂದು ಅದನ್ನು ಮತ್ತೆ ಹಳೆಯದಾಗಿಸಿ, ಊರಿನ ಗಿರಾಕಿಗಳೆಲ್ಲ ಹೋದ ಮೇಲೆ ಇಂಥದೊಂದು ಪ್ರಶ್ನೆ ತಮಗೆ ಹೊಳೆದಿರುವುದು ತಮ್ಮ ವಿನಯಕ್ಕೆ ಸಾಕ್ಷಿ. ಸಾಮಾನ್ಯ ಜನ ಇದನ್ನು ಮೊದಲೇ ಕೇಳಿಬಿಡುತ್ತಿದ್ದರು.

ತಮ್ಮ ಸುಧಾರಣೆಗಳನ್ನು ಮೊದಲು ಮನಸಾರೆ ಹೊಗಳದೆ ಮುಂದೆ ಹೋದರೆ ನನಗೆ ಶ್ರೇಯಸ್ಸಲ್ಲ. ಹೊಗೆ ಹಿಡಿದು ಕಪ್ಪಾದ ಓಕ್ ತೊಲೆಗಳನ್ನು ತೆಗೆದು, ಅವಕ್ಕಿಂತ ಕಪ್ಪಾದ, ಬೆರಳಲ್ಲಿ ತಟ್ಟಿದರೆ ಡಬ್ಬದ ಸದ್ದು ಬರುವ ತೊಲೆಗಳನ್ನು ಹಾಕಿಸಿದಿರಿ. ಕಪಾಟಿನಲ್ಲಿ ಚರ್ಮದ ಹೊದಿಕೆಯ ಪುಸ್ತಕಗಳನ್ನು ಒಂದಕ್ಕೊಂದು ಅಂಟಿಸಿ ಇರಿಸಿದಿರಿ. ಓದುವ ಚಟವಿರುವ ನನ್ನಂಥವರು ಒಂದನ್ನು ಎಳೆದರೆ ಇಡೀ ಸಾಲೇ ಕೈಗೆ ಬರುತ್ತದೆ, ಜ್ಞಾನಾರ್ಜನೆಗೆ ಇದಕ್ಕಿಂತ ಸುಲಭದ ದಾರಿ ಇನ್ನೆಲ್ಲಿದೆ! ಕಟ್ಟಿಗೆಯ ಒಲೆಯನ್ನು ಮುಚ್ಚಿಸಿ ಅಲ್ಲಿ ಬೆಂಕಿಯ ಚಿತ್ರ ತೋರಿಸುವ ಪರದೆ ಇಟ್ಟಿರಿ. ಅದು ಉರಿಯುತ್ತದೆ, ಚಟಪಟಗುಟ್ಟುತ್ತದೆ, ಆದರೆ ಯಾರಿಗೂ ಬಿಸಿ ತಾಗಿಸುವುದಿಲ್ಲ. ಇಷ್ಟು ಸಜ್ಜನ ಬೆಂಕಿಯನ್ನು ನಾನು ನನ್ನ ಆಯುಸ್ಸಿನಲ್ಲಿ ಕಂಡಿಲ್ಲ.

ಎಲ್ಲಕ್ಕಿಂತ ದೊಡ್ಡ ಸುಧಾರಣೆ ಎಂದರೆ ಪಬ್ಬನ್ನು ನಡೆಸುತ್ತಿದ್ದ ಮ್ಯೂರಿಯಲ್ ಟ್ರಸ್ಕಾಟ್ ಅವರ ಗುತ್ತಿಗೆಯನ್ನು ತಾವು ಮುಂದುವರಿಸದೇ ಹೋದದ್ದು. ಆಕೆ ಗಿರಾಕಿಗಳ ಜೊತೆ ನಡೆದುಕೊಳ್ಳುವ ರೀತಿ ಸೌಜನ್ಯದ ಮಟ್ಟಕ್ಕೆ ಇಳಿದಿಲ್ಲ ಎಂದು ತಮ್ಮ ವರದಿ ಹೇಳಿತಂತೆ. ಅಕ್ಷರಶಃ ನಿಜ. ನಾನು ಒಳಗೆ ಕಾಲಿಟ್ಟರೆ ಸಾಕು, "ಬಾರಮ್ಮಾ ಎನಿಡ್, ಭಾನುವಾರ ನೀ ಬಾರಿಸಿದ್ದು ಪ್ರಾರ್ಥನೆನೋ, ಇಲ್ಲಾ ಬೆಕ್ಕಿನ ಬಾಲ ತುಳಿದಿದ್ಯೋ?" ಎಂದು ಇಡೀ ಪಬ್ಬಿಗೆ ಕೇಳುವಂತೆ ವಿಚಾರಿಸುತ್ತಿದ್ದಳು. ಹಾಗೆ ವಿಚಾರಿಸುವಷ್ಟರಲ್ಲಿ ನನ್ನ ಲೋಟ ತುಂಬಿ ನನ್ನ ಮೂಲೆಯ ಮೇಜಿಗೆ ಬಂದಿರುತ್ತಿತ್ತು.

ಒಲೆಯ ಪಕ್ಕದ ಕುರ್ಚಿ ಕ್ಲೆಮ್ ಹಾಡಿನಾಟ್ ಅವರದು. ಬದುಕಿಡೀ ಹಸು ಸಾಕಿದವರು. ಹೆಂಡತಿ ಏಡಾ ತೀರಿಕೊಂಡ ಮೇಲೆ ಮಾತು ಬಹುಮಟ್ಟಿಗೆ ನಿಲ್ಲಿಸಿಬಿಟ್ಟವರು. ಸಂಜೆ ಬರುವರು, ಕೂರುವರು, ಯಾರು ಏನು ಕೇಳಿದರೂ "ಹೂಂ" ಎನ್ನುವರು, ಎದ್ದು ಹೋಗುವರು. ನಾವೂ ಅವರ ಜೊತೆ ಹೆಚ್ಚು ಮಾತಾಡುತ್ತಿರಲಿಲ್ಲ. ಆದರೆ ಬರುವುದು ಸ್ವಲ್ಪ ತಡವಾದರೆ ಮ್ಯೂರಿಯಲ್ ಬಾಗಿಲ ಕಡೆ ನೋಡುವುದಕ್ಕೆ ಶುರುಮಾಡುತ್ತಿದ್ದಳು. ಇನ್ನೂ ತಡವಾದರೆ ಕೈಯಲ್ಲಿದ್ದ ಬಟ್ಟೆಯನ್ನು ಮೇಜಿಗೆ ಬಡಿದು, "ಆ ಮುದುಕ ಎಲ್ಲಿ ಸತ್ತ? ಕುಡೀತಾ ಕೂತಿದೀರಲ್ಲ, ಯಾರಾದ್ರೂ ಹೋಗಿ ನೋಡ್ಕೊಂಡ್ ಬರಬಾರ್ದಾ?" ಎಂದು ಗದರುತ್ತಿದ್ದಳು. ಯಾರೋ ಎದ್ದು ಗುಡ್ಡದ ಮೇಲಿನ ಅವರ ಮನೆಗೆ ಹೋಗುತ್ತಿದ್ದರು. ಕ್ಲೆಮ್ ಬೂಟು ಹುಡುಕುತ್ತಲೋ, ಕೋಳಿ ಅಟ್ಟುತ್ತಲೋ ಇರುತ್ತಿದ್ದರು. ಇದಕ್ಕೆ ತಮ್ಮ ವರದಿಯಲ್ಲಿ ಯಾವ ಅಂಕ ಸಿಕ್ಕಿತೋ ತಿಳಿಯದು.

ಹೊಸ ಹಂಸ-ಗರಗಸ ಬಾಗಿಲು ತೆರೆದಾಗ ತಾವು ನೇಮಿಸಿದ ವ್ಯವಸ್ಥಾಪಕ ಕ್ರಿಸ್ಪಿನ್ ಯಾರ್ಡ್ಲಿ ಬಹಳ ಒಳ್ಳೆಯ ನಡತೆಯ ಯುವಕರು. ಅಕ್ಟೋಬರಿನ ಒಂದು ಸಂಜೆ ಅವರು ಕ್ಲೆಮ್ ಅವರ ಕುರ್ಚಿಯ ಬಳಿ ಬಂದು, ಬಾಗಿ, ಅಷ್ಟೇ ಒಳ್ಳೆಯ ನಡತೆಯಿಂದ ಕೇಳಿದರು.

"ಸರ್, ಈ ಕುರ್ಚಿ ಮೊದಲೇ ಕಾದಿರಿಸಿದ್ರಾ?"

"ಕೂತಿದೀನಲ್ಲ," ಎಂದರು ಕ್ಲೆಮ್. ಅವರಿಗೆ ಅದು ದೊಡ್ಡ ಭಾಷಣ.

"ಇವತ್ತು ಜಾಹೀರಾತಿನ ಫೋಟೋದವರು ಬಂದಿದಾರೆ, ಸರ್. ಈ ಕುರ್ಚೀಲಿ ಹಳ್ಳಿ ಮುದುಕನ ಪಾತ್ರದವರು ಕೂರಬೇಕು. ಬೇಜಾರು ಮಾಡ್ಕೋಬೇಡಿ, ಲಂಡನ್ನಿಂದ ಕರೆಸಿದೀವಿ."

ಮಾನ್ಯರೇ, ತಾವು ಕಳಿಸಿದ ಆ ನಟರನ್ನು ನಾನು ಕಣ್ಣಾರೆ ಕಂಡೆ. ಗಡ್ಡ, ಪೈಪು, ಮೊಣಕೈಗೆ ತೇಪೆ ಹಾಕಿದ ಕೋಟು. ಕ್ಲೆಮ್ ಅವರಿಗಿಂತ ಎಷ್ಟೋ ಪಾಲು ಹೆಚ್ಚಾಗಿ ಕ್ಲೆಮ್ ಅವರಂತೆಯೇ ಇದ್ದರು. ಕುಡಿಯಲು ಓಟ್ಸ್ ಹಾಲಿನ ಕಾಫಿ ಕೇಳಿದರು. ಅಸಲಿ ಕ್ಲೆಮ್ ಎದ್ದು, ಟೋಪಿ ಹಾಕಿಕೊಂಡು, ಯಾರ ಮುಖವನ್ನೂ ನೋಡದೆ ಹೊರಗೆ ಹೋದರು. ನಾನು ಕರೆದೆ. ತಾವು ಹಾಕಿಸಿದ್ದ ಪಿಟೀಲಿನ ಸಂಗೀತದಲ್ಲಿ ಅದು ಅವರಿಗೆ ಕೇಳಿಸಲಿಲ್ಲ.

ಆಮೇಲೆ ಅವರು ಬರಲಿಲ್ಲ. ಬರಲಿಲ್ಲವೆಂದು ಯಾರಿಗೂ ಅನ್ನಿಸಲೂ ಇಲ್ಲ, ಏಕೆಂದರೆ ಆ ಕುರ್ಚಿಯಲ್ಲಿ ಈಗ ದಿನಕ್ಕೊಬ್ಬರು ಕಾದಿರಿಸಿ ಕೂರುತ್ತಿದ್ದರು. ಹಳಬರು ಒಬ್ಬೊಬ್ಬರಾಗಿ ಮನೆಯಲ್ಲೇ ಟೀವಿ ಮುಂದೆ ಕೂರತೊಡಗಿದ್ದರು. ಕ್ಲೆಮ್ ಟೀವಿ ನೋಡುತ್ತಿರಬಹುದು ಎಂದು ನಾವು, ನಾವು ಪಬ್ಬಿನಲ್ಲಿರಬಹುದು ಎಂದು ಅವರು.

ಮ್ಯೂರಿಯಲ್ ಆಗ ಅಂಚೆ ಕಚೇರಿಯ ಮೇಲಿನ ಕೋಣೆಯಲ್ಲಿ ಬಾಡಿಗೆಗಿದ್ದಳು. ಒಂದು ಮಧ್ಯಾಹ್ನ ದಾರಿಯಲ್ಲಿ ಸಿಕ್ಕಿ, "ಕ್ಲೆಮ್ ಹೇಗಿದಾನೆ?" ಎಂದು ಕೇಳಿದಳು.

"ಈಚೆಗೆ ನೋಡಿಲ್ಲ," ಎಂದೆ.

"ನೋಡಿಲ್ಲ ಅಂದ್ರೆ? ಈ ಊರಲ್ಲಿ ಒಬ್ಬ ಮನುಷ್ಯನ್ನ ನೋಡದೇ ಇರೋದಕ್ಕೆ ಎಷ್ಟು ಕಷ್ಟಪಡಬೇಕು ಗೊತ್ತಾ ನಿಂಗೆ?"

ಅಲ್ಲಿಂದಲೇ ಗುಡ್ಡದ ದಾರಿ ಹಿಡಿದಳು. ನಾನು ಹಿಂದೆ ಓಡಿದೆ. ಕ್ಲೆಮ್ ಕೋಳಿಗೂಡಿನ ಹಿಂದೆ, ಈರುಳ್ಳಿ ಪಾತಿಯ ನಡುವೆ ಬಿದ್ದಿದ್ದರು. ಹಿಂದಿನ ದಿನ ಬೆಳಿಗ್ಗೆ ಕೋಳಿಗಳನ್ನು ಹೊರಗೆ ಬಿಡಲು ಬಂದು ಜಾರಿದ್ದರಂತೆ. ಸೊಂಟದ ಮೂಳೆ ಮುರಿದಿತ್ತು. ಕೈಗೆ ಸಿಕ್ಕ ಗೋಣಿಚೀಲವನ್ನು ಮೈಮೇಲೆ ಎಳೆದುಕೊಂಡಿದ್ದರು. ತುಟಿ ನೀಲಿಗಟ್ಟಿತ್ತು. ಮ್ಯೂರಿಯಲ್ ಕೆಸರಲ್ಲೇ ಮಂಡಿಯೂರಿದಳು.

ಕ್ಲೆಮ್ ಕಣ್ಣು ತೆರೆದು, "ನೀ ತಡ ಮಾಡಿದೆ," ಎಂದರು.

"ಬಿದ್ಕೊಳೋಕೆ ನಿಂಗೆ ಬೇರೆ ಜಾಗ ಸಿಗ್ಲಿಲ್ವಾ? ಒಳ್ಳೇ ಈರುಳ್ಳಿನೆಲ್ಲ ಹಾಳು ಮಾಡಿದೀಯಲ್ಲೋ!" ಎಂದು ಮ್ಯೂರಿಯಲ್ ತನ್ನ ಕೋಟು ಬಿಚ್ಚಿ ಅವರಿಗೆ ಹೊದಿಸಿದಳು. ಆಮೇಲೆ ಆ ಕಡೆ ತಿರುಗಿ ಕೋಳಿಗಳನ್ನು ಬಾಯಿಗೆ ಬಂದಂತೆ ಬೈಯತೊಡಗಿದಳು. ಆಂಬುಲೆನ್ಸ್ ಬರುವವರೆಗೂ ಬೈದಳು, ನಮ್ಮ ಕಡೆ ಮುಖ ತೋರಿಸಲಿಲ್ಲ.

ಆಸ್ಪತ್ರೆಯವರು ಕ್ಲೆಮ್ ಅವರನ್ನು ಉಳಿಸಿ ಕ್ರಿಸ್‌ಮಸ್ಸಿಗೆ ಮೊದಲು ಮನೆಗೆ ಕಳಿಸಿದರು. ಅವರಿನ್ನು ಗುಡ್ಡ ಇಳಿಯುವಂತಿರಲಿಲ್ಲ. ಆದ್ದರಿಂದ ನಾವು ಹತ್ತಿದೆವು. ಅವರ ಮನೆಯ ಹಿಂದೆ ಸೇಬು ಹಿಂಡುವ ಹಳೆಯ ಕೊಟ್ಟಿಗೆಯೊಂದಿದೆ. ಅಲ್ಲಿ ಒಲೆ ಹೂಡಿ, ಬೋರಲು ಹಾಕಿದ ಪೆಟ್ಟಿಗೆಗಳ ಮೇಲೆ ಕೂತೆವು. ಮ್ಯೂರಿಯಲ್ ಮೊದಲ ಸಂಜೆ ಸುಮ್ಮನೆ ಬಂದು ನಿಂತವಳು, ಎರಡನೆಯ ಸಂಜೆ ಎಲ್ಲರ ಲೋಟ ಕಸಿದು ತೊಳೆದಳು, ಮೂರನೆಯ ಸಂಜೆ ನನ್ನ ಆರ್ಗನ್ನಿನ ವಿಷಯ ಎತ್ತಿದಳು. ಆಗ ನಮಗೆ ಎಲ್ಲ ಸರಿಹೋಯಿತು ಅನ್ನಿಸಿತು. ಅಲ್ಲಿ ಕ್ಲೆಮ್ ತಾವೇ ಹಿಂಡಿದ ಸೇಬಿನ ಮದ್ಯವನ್ನು ಸ್ನೇಹಿತರಿಗೆ ಕೊಡುತ್ತಾರೆ, ಮಾರುವುದಿಲ್ಲ. ಪರವಾನಗಿ ಅಧಿಕಾರಿಗಳು ಈ ಪತ್ರ ಓದುತ್ತಿದ್ದರೆ ದಯವಿಟ್ಟು ಹಿಂದಿನ ವಾಕ್ಯವನ್ನು ಇನ್ನೊಮ್ಮೆ ಓದಬೇಕಾಗಿ ವಿನಂತಿ.

ಜನವರಿಯ ಒಂದು ಸಂಜೆ ಬಾಗಿಲು ಬಡಿದ ಸದ್ದಾಯಿತು. ತೆರೆದರೆ ಕ್ರಿಸ್ಪಿನ್. ಮೈಯೆಲ್ಲ ಮಳೆ, ಬೆನ್ನ ಮೇಲೆ ಆ ಕುರ್ಚಿ. ಗುಡ್ಡದುದ್ದಕ್ಕೂ ಹೊತ್ತು ತಂದಿದ್ದರು.

"ಇದು ನಿಮ್ಮದು, ಮಿಸ್ಟರ್ ಹಾಡಿನಾಟ್. ನಂಗೆ ಗೊತ್ತಿರಲಿಲ್ಲ," ಎಂದರು. ಇನ್ನೂ ಏನೋ ಹೇಳಲು ಹೋದರು, ಚಳಿಗೆ ಹಲ್ಲು ಕಟಕಟಿಸಿತು.

ಕ್ಲೆಮ್ ಕುರ್ಚಿಯನ್ನು ನೋಡಿದರು, ಕ್ರಿಸ್ಪಿನ್ ಅವರನ್ನು ನೋಡಿದರು. ಕೊನೆಗೆ, "ಬಾಗ್ಲು ಹಾಕು. ಚಳಿ ಬರತ್ತೆ," ಎಂದರು.

"ಒಳಗಿಂದ ಹಾಕು ಅಂತ ಕಣೋ ದಡ್ಡ!" ಎಂದಳು ಮ್ಯೂರಿಯಲ್, ಹೊರಗೆ ಹೋಗಲು ತಿರುಗಿದ್ದ ಕ್ರಿಸ್ಪಿನ್ ಅವರ ತೋಳು ಹಿಡಿದು. ಊರಿಗೆ ಬಂದ ಮೇಲೆ ಅವರನ್ನು ಏಕವಚನದಲ್ಲಿ ಬೈದವರು ಅವಳೇ ಮೊದಲು. ಆತ ಒಂದು ಪೆಟ್ಟಿಗೆಯ ಮೇಲೆ ಕೂತು ಬೆಂಕಿಗೆ ಕೈ ಚಾಚಿದರು.

ಇನ್ನು ನನ್ನ ನಮ್ರ ಕೋರಿಕೆಗಳು. ಹಂಸ-ಗರಗಸದ ಹಳೆಯ ಆಕರ್ಷಣೆಯನ್ನು ಮರಳಿ ತರುವ ಮನಸ್ಸು ತಮಗಿದ್ದರೆ, ಒಬ್ಬ ಮುದುಕ ಬಂದಿಲ್ಲವೆಂದು ತಾನಾಗಿ ಕಳವಳಪಡುವ ಗೋಡೆಯೊಂದನ್ನು ತಮ್ಮ ಕಾರ್ಖಾನೆಯಲ್ಲಿ ಮಾಡಿಸಿ ಕಳಿಸಿಕೊಡಿ. ಮ್ಯೂರಿಯಲ್ ಅವರ ಸಿಡುಕನ್ನು ಎಲ್ಲ ಶಾಖೆಗಳಿಗೂ ಒಂದೇ ಹದದಲ್ಲಿ ಹಂಚಲು ತಮ್ಮ ತಜ್ಞರಿಂದ ಸಾಧ್ಯವೇ ಪರೀಕ್ಷಿಸಿ. ಮತ್ತು ಮೌನವಾಗಿ ಜೊತೆಯಲ್ಲಿ ಕೂರುವುದನ್ನು ಆಹಾರದ ಪಟ್ಟಿಯಲ್ಲಿ ಸೇರಿಸುವುದಾದರೆ ಅದು ಸೂಪಿನ ಮೊದಲೋ ಆಮೇಲೋ ಎಂಬುದನ್ನು ತಿಳಿಸಿ. ಇವು ಆಗದ ಮಾತುಗಳಾದರೆ ಆ ಕಟ್ಟಡವನ್ನು ನಮ್ಮೂರಿಗೇ ಬಿಟ್ಟುಕೊಡಿ. ತೊಲೆಗಳನ್ನು ನಾವು ಹಿಂದಿರುಗಿಸುತ್ತೇವೆ. ಹಗುರವಾಗಿವೆ, ಅಂಚೆಯಲ್ಲೇ ಬರುತ್ತವೆ.

ಉತ್ತರ ಬರುವವರೆಗೂ, ಬಾರದಿದ್ದರೆ ಆಮೇಲೂ,

ತಮ್ಮ ವಿಶ್ವಾಸಿ,
ಎನಿಡ್ ಹಕ್ಸ್‌ಟೇಬಲ್

ಮರೆತ ಮಾತು: ಅಂಚೆ ಚೀಟಿ ದಂಡವಾಗದಿರಲೆಂದು ತಮ್ಮ ವ್ಯವಸ್ಥಾಪಕ ಕ್ರಿಸ್ಪಿನ್ ಅವರ ರಾಜೀನಾಮೆಯನ್ನೂ ಇದೇ ಲಕೋಟೆಯಲ್ಲಿ ಇರಿಸಿದ್ದೇನೆ. ಒಕ್ಕಣೆ ತೀರಾ ಸೌಜನ್ಯದಿಂದ ಕೂಡಿದೆ ಎಂದು ಮ್ಯೂರಿಯಲ್ ಅದನ್ನು ಹರಿದು ಹಾಕಿ, ಪಕ್ಕದಲ್ಲಿ ಕೂತು ಮತ್ತೆ ಬರೆಸಿದಳು. ಹಾಗಾಗಿ ತಮ್ಮ ಕಚೇರಿಯಲ್ಲಿ ಅದನ್ನು ಗಟ್ಟಿಯಾಗಿ ಓದುವ ಮೊದಲು ಕಿಟಕಿ ಮುಚ್ಚಿಕೊಳ್ಳುವುದು ಒಳ್ಳೆಯದು.