ಚೀನಾಕ್ಕೆ ಹೋಗಿ ಬಂದ ಅಡಿಕೆ ಮೆಷಿನ್

ನಗು ಬರುವಂಥದ್ದು ನನ್ನ ಪಾಲಿಗೆ ಬೇಕಾದಷ್ಟು ಆಗ್ತಾ ಇರ್ತದೆ. ಕರ್ಮ ಏನಂದ್ರೆ, ಆಗುವಾಗ ಪಕ್ಕದಲ್ಲಿ ನಗೋಕೆ ಇನ್ನೊಬ್ಬ ಇರೋದಿಲ್ಲ.

ಸಾಗರದಿಂದ ಆನಂದಪುರಕ್ಕೆ ಹೋಗೋ ರಸ್ತೆ ಬದಿಯಲ್ಲಿ ಅಡಿಕೆ ಸುಲಿಯೋ ಮೆಷಿನ್ ಮಾಡುವ ಶೆಡ್ಡಿದೆ. ಅಲ್ಲಿ ನಾನು ಫಿಟ್ಟರ್. ಮೊದಲು ಆರು ಜನ ಇದ್ದೆವು. ಒಂದು ದಿನ ಯಜಮಾನರು "ಚೀನಾದಲ್ಲಿ ಮಾಡಿಸಿದ್ರೆ ಅಗ್ಗ ಕಣೋ" ಅಂದ್ರು. ಉಳಿದ ಐವರು ಹೊಸನಗರ, ತೀರ್ಥಹಳ್ಳಿ ಕಡೆ ತಮ್ಮ ತಮ್ಮ ಊರು ಸೇರಿದರು. ನನಗೆ ಮದುವೆಯಿಲ್ಲ, ಹಿಂದೆ ಮುಂದೆ ಯಾರೂ ಇಲ್ಲ ಅಂತ ನನ್ನೊಬ್ಬನನ್ನ ಉಳಿಸಿಕೊಂಡ್ರು. ಪೆಟ್ಟಿಗೆಯಲ್ಲಿ ಬಂದ ಮೆಷಿನ್ನಿಗೆ ಬೋಲ್ಟು ಬಿಗಿದು ನಮ್ಮ ಸ್ಟಿಕ್ಕರ್ ಅಂಟಿಸೋದು, ಅಷ್ಟೇ ಕೆಲಸ.

ಕ್ಯಾಮೆರಾ

ಯಜಮಾನರು ಶಿವಮೊಗ್ಗದ ಮನೆಯಿಂದಲೇ ನೋಡಲು ಶೆಡ್ಡಿಗೆ ಕ್ಯಾಮೆರಾ ಹಾಕಿಸಿದ್ರು. ನಂಗೋ ಮಾತಾಡೋಕೆ ಒಂದು ಮುಖ ಸಿಕ್ಕಿದ ಹಾಗಾಯ್ತು. ಬುತ್ತಿ ಬಿಚ್ಚಿ ದಿನಾ ಅದಕ್ಕೇ ಹೇಳ್ತಿದ್ದೆ, "ಬಾರಪ್ಪ, ಊಟ ಮಾಡು. ಇವತ್ತು ಹುರುಳಿ ಸಾರು. ಉಪ್ಪು ಸ್ವಲ್ಪ ಮುಂದಾಗಿದೆ."

ಒಂದು ಮಧ್ಯಾಹ್ನ ಕ್ಯಾಮೆರಾದೊಳಗಿಂದ ಯಜಮಾನರ ದನಿ ಬಂತು. "ನಿನ್ನೆಯೂ ಉಪ್ಪು ಮುಂದು ಅಂದಿದ್ಯಲ್ಲೋ. ಕೈ ಹಿಡಿದು ಹಾಕೋಕೆ ಎಂತ ಧಾಡಿ ನಿಂಗೆ?"

ಮಾದರಿ

ಚೀನಾದವರು ಮಾದರಿಗೆ ಸಿಪ್ಪೆ ಸಮೇತ ಅಡಿಕೆ ಕೇಳಿದ್ರು. ನಮ್ಮ ಕಡೆ ಹೊರಗಿನವರಿಗೆ ಕೊಡೋದು ಅಂದ್ರೆ ಮರ್ಯಾದೆ ಪ್ರಶ್ನೆ. ಯಜಮಾನರ ತಾಯಿ ಜಗಲಿಯಲ್ಲಿ ಕೂತು, ಇಡೀ ರಾಶಿಯಲ್ಲಿ ದಪ್ಪ ದಪ್ಪದ್ದು, ದುಂಡಗಿರೋದನ್ನೇ ಆರಿಸಿ ಪೆಟ್ಟಿಗೆ ತುಂಬಿಸಿದ್ರು. "ಪರದೇಶದವರು ನೋಡಿ ನಗಬಾರದು" ಅಂದ್ರು.

ಮೆಷಿನ್ ಬಂತು. ದಪ್ಪ ಅಡಿಕೆಯನ್ನು ಬಾಳೆಹಣ್ಣಿನ ಹಾಗೆ ಸುಲಿಯಿತು. ಉಳಿದದ್ದನ್ನೆಲ್ಲ ಕಚ್ಚಿ ಪುಡಿ ಮಾಡಿ ಉಗಿಯಿತು. ಯಜಮಾನರು ತಲೆ ಮೇಲೆ ಕೈ ಹೊತ್ತು ಕೂತರು. ಅವರ ತಾಯಿ ಮಾತ್ರ, "ಅದರದ್ದೇನು ತಪ್ಪು? ಒಳ್ಳೇದು ತಿಂದು ರೂಢಿಯಾಗಿದೆ" ಅಂದ್ರು.

ಹುಂಚದ ಗಿರಾಕಿ

ಹುಂಚದ ರೈತರೊಬ್ಬರು ಮೆಷಿನ್ ಬುಕ್ ಮಾಡಿದ್ರು. ಹಡಗು ತಡ. ಸಾಗರಕ್ಕೆ ಬಂದಾಗೆಲ್ಲ ಅವರು ಶೆಡ್ಡಿಗೂ ಬಂದು "ಬಂತಾ?" ಅಂತಿದ್ರು. ನಾನು "ಇನ್ನೂ ನೀರ ಮೇಲೇ ಇದೆ" ಅಂತಿದ್ದೆ. ಆಮೇಲೆ ಇಬ್ಬರೂ ಎಲೆ ಅಡಿಕೆ ಕವಳ ಹಾಕ್ಕೊಂಡು ಊರ ಸುದ್ದಿ ಮಾತಾಡ್ತಿದ್ವಿ. ನಿಜ ಹೇಳ್ತೀನಿ, ಅವರ ಬಸ್ಸಿನ ಹೊತ್ತಿಗೆ ನಾನು ಬಾಗಿಲಲ್ಲೇ ನಿಂತಿರ್ತಿದ್ದೆ.

ಕೊನೆಗೆ ಮೆಷಿನ್ ಬಂದಾಗ ಅವರ ಅಡಿಕೆಯೆಲ್ಲ ಕೈಯಲ್ಲೇ ಸುಲಿದು ಮುಗಿದಿತ್ತು. "ನಂಗೆ ಬೇಡ, ಬುಕಿಂಗ್ ಕ್ಯಾನ್ಸಲ್ ಮಾಡು" ಅಂತ ಕೂಗಾಡಿದ್ರು. ನಾನು ಕೇಳಿದೆ, "ಆಯ್ತು ಮಾಡ್ತೀನಿ. ಮತ್ತೆ ಯಾವಾಗ ಬರ್ತೀರಿ?"

ಕರೆಯೋಕೆ ಹೋದದ್ದು

ಈ ಎರಡು ಪೆಟ್ಟು ತಿಂದ ಮೇಲೆ ಯಜಮಾನರು, "ಇಲ್ಲೇ ಮಾಡೋಣ. ಆದ್ರೆ ಸೋಮವಾರದೊಳಗೆ ಹಳೇ ಐದೂ ಜನ ವಾಪಸ್ ಬರಬೇಕು. ಇಲ್ಲಾಂದ್ರೆ ಶೆಡ್ಡು ಗೋಡೌನಿಗೆ ಕೊಟ್ಟುಬಿಡ್ತೀನಿ" ಅಂದ್ರು. ಶೆಡ್ಡೂ ಹೋದ್ರೆ ನಾನೆಲ್ಲಿಗೆ ಹೋಗಲಿ?

ಐವರಿಗೂ ಫೋನ್ ಮಾಡಿದೆ. ಒಬ್ಬೊಬ್ಬರದ್ದು ಒಂದೊಂದು ನೆಪ. ಆಮೇಲೆ ಹೊಳೀತು, ನಮ್ಮ ಕಡೆ ಫೋನಲ್ಲಿ ಕರೆದ್ರೆ ಅದು ಕರೆದ ಹಾಗಾಯ್ತಾ? ಮನೆಗೇ ಹೋಗಿ ಕರೀಬೇಕು. ಇಸ್ತ್ರಿ ಮಾಡಿದ ಬಿಳಿ ಪಂಚೆ ಉಟ್ಟು, ಎಲೆ ಅಡಿಕೆ ಹಿಡಕೊಂಡು ಮೊದಲು ಐವರಲ್ಲೊಬ್ಬನಾದ ಮೇಳಿಗೆಯ ವೆಲ್ಡರ್ ಮನೆಗೆ ಹೋದೆ.

ನನ್ನ ವೇಷ ನೋಡಿದ್ದೇ ಅವನ ಹೆಂಡತಿ ಒಳಗೆ ಓಡಿದಳು. "ಬನ್ನಿ ಇಲ್ಲಿ! ಅಣ್ಣ ಮದುವೆಗೆ ಕರೆಯೋಕೆ ಬಂದಿದ್ದಾರೆ!" ಅಂತ ಗಂಡನನ್ನು ಕೂಗಿ, ನನ್ನ ಕಡೆ ತಿರುಗಿ, "ಅಂತೂ ಮದುವೆ ಗೊತ್ತಾಯ್ತಲ್ಲ ಮಾರಾಯ್ರೆ, ಹುಡುಗಿ ಯಾವ ಊರು?"

"ಮದುವೆ ಅಲ್ಲ ತಂಗಿ, ಮೆಷಿನ್ ಕೆಲಸಕ್ಕೆ ಕರೆಯೋಕೆ ಬಂದೆ" ಅಂದೆ. ಪಾಪ, ಅವಳ ಮುಖ ಚಪ್ಪೆಯಾಯ್ತು. ವೆಲ್ಡರ್ ಮಾತ್ರ ನಕ್ಕು, "ಉಳಿದವರ ಮನೆಗೆ ನೀನು ಹೋಗೋದು ಬೇಡ. ನಾನು ಹೇಳ್ತೀನಿ" ಅಂದ.

ಸೋಮವಾರ ಮೊದಲ ಬಸ್ಸಿಗೆ ಐದೂ ಜನ ಬಂದಿಳಿದರು. ನಾಲ್ವರು ರೇಷ್ಮೆ ಪಂಚೆ ಉಟ್ಟಿದ್ರು. ಒಬ್ಬನ ಕೈಯಲ್ಲಿ ಬಣ್ಣದ ಕಾಗದ ಸುತ್ತಿದ ಕುಕ್ಕರ್. "ಚಪ್ಪರ ಎಲ್ಲೋ? ಹೆಣ್ಣು ಎಲ್ಲಿ?" ಅಂತ ಶೆಡ್ಡೆಲ್ಲ ಹುಡುಕಿದರು. ವೆಲ್ಡರ್ ನನ್ನ ಕಿವಿಯಲ್ಲಿ, "ಕೆಲಸಕ್ಕೆ ಬನ್ನಿ ಅಂದ್ರೆ ಯಾರು ಬರ್ತಾರೆ? ನಿನ್ನ ಮದುವೆ ಅಂದೆ" ಅಂದ.

ನಿಜ ಗೊತ್ತಾದ ಮೇಲೆ ನನಗೆ ಬಿದ್ದ ಬೈಗುಳ ಅಷ್ಟಿಷ್ಟಲ್ಲ. ಬೈದು ಬೈದು ಸುಸ್ತಾಗಿ, ಒಬ್ಬ ಹಳೇ ಲೇತ್ ಮೇಲಿನ ಧೂಳು ಒರೆಸಿದ. ಇನ್ನೊಬ್ಬ ಸ್ಪ್ಯಾನರ್ ಕೇಳಿದ. ಮಧ್ಯಾಹ್ನ ಆರೂ ಜನ ಸುತ್ತ ಕೂತು ಬುತ್ತಿ ಹಂಚಿಕೊಂಡೆವು. ಕುಕ್ಕರ್ ವಾಪಸ್ ಕೊಡೋಕೆ ಹೋದೆ.

"ಇಟ್ಕೊ" ಅಂದ್ರು ಎಲ್ಲರೂ. "ನಿನ್ನ ಮದುವೆ ಊಟ ಉಣ್ಣದೆ ಇಲ್ಲಿಂದ ಒಬ್ಬರೂ ಕದಲೋದಿಲ್ಲ."

ಆಮೇಲೆ ಅವರೇ ಓಡಾಡಿ ನನಗೆ ಎರಡು ಸಂಬಂಧ ತಂದ್ರು. ಎರಡಕ್ಕೂ ಜಾತಕ ಕೂಡಿ ಬರಲಿಲ್ಲ ಅಂದುಬಿಟ್ಟೆ. ನನ್ನ ಹತ್ರ ಜಾತಕವೇ ಇಲ್ಲ.