ಮೊಟ್ಟೆಗೆ ಎರಡೇ ಗಂಟೆ

ಕಾರ್ಖಾನೆಯ ಕ್ಯಾಂಟೀನಿನ ಅಡುಗೆಯವರಿಗೆ ಬೆಳಬೆಳಗ್ಗೆ ಬೆನ್ನು ಹಿಡಿದುಕೊಂಡಿದ್ದೇ ರಗಳೆಗೆಲ್ಲ ಮೂಲ. ಅವತ್ತೇ ವಸಂತದ ರಜೆಯ ಹಬ್ಬ. ಹನ್ನೊಂದಕ್ಕೆ ಕಾರ್ಮಿಕರ ಮಕ್ಕಳು ಬಂದು, ತೋಟದಲ್ಲಿ ಬಚ್ಚಿಟ್ಟ ಬಣ್ಣದ ಮೊಟ್ಟೆ ಹುಡುಕಿ, ಅಲ್ಲೇ ಸುಲಿದು ತಿನ್ನಬೇಕು.

ಮ್ಯಾನೇಜರ್ ಮೇಡಂ ಪಾತ್ರೆ ತೊಳೆಯುವವನನ್ನು ಕರೆದರು. ಎಲ್ಲರ ಬಾಯಲ್ಲೂ ಅವನ ಹೆಸರು ಬ್ರಷ್ಷು.

"ಮೊಟ್ಟೆ ನಿನ್ನ ಜವಾಬ್ದಾರಿ ಕಣಪ್ಪ. ಒಂದು ಮಗುವಿಗೂ ಹೊಟ್ಟೆ ಕೆಡಬಾರ್ದು. ಸರಿಯಾಗಿ ಮಾಡು, ನಿನಗೆ ಒಲೆ ಕೆಲಸ ಕೊಡೋ ಬಗ್ಗೆ ಯೋಚಿಸ್ತೀನಿ."

ಆರು ವರ್ಷದಿಂದ ಕಾಯುತ್ತಿದ್ದ ಮಾತು. ಬ್ರಷ್ಷಿನ ಎದೆ ಕಾದ ಹಾಲಿನಂತೆ ಉಕ್ಕಿತು. ಎಂಬತ್ತು ಮೊಟ್ಟೆ ಬೇಯಿಸಿ, ತಣ್ಣೀರಿಗೆ ಹಾಕಿ, ಬಿರುಕು ಬಿಟ್ಟವನ್ನು ಬೇರೆ ಇಟ್ಟು ಬಣ್ಣ ಬಳಿಯಲು ಕೂತ. ತರಕಾರಿ ಹೆಚ್ಚುವ ಅಕ್ಕ ಬಿರುಕಿನವಕ್ಕೂ ಬಣ್ಣ ಹಚ್ಚಿ ಬುಟ್ಟಿಗೆ ಸೇರಿಸಿದಳು.

"ಅಕ್ಕಾ, ಬಿರುಕಿನೊಳಗೆ ಕೊಳೆ ಹೋಗುತ್ತೆ!"

"ಏಳನೇ ಕ್ಲಾಸಿಗೆ ಶಾಲೆ ಬಿಟ್ಟೋನು, ಡಾಕ್ಟ್ರ ಥರ ಮಾತಾಡ್ತಾನೆ ನೋಡು!"

ಬ್ರಷ್ಷು ಹಲ್ಲು ಕಡಿದುಕೊಂಡು, ಒಂದೊಂದನ್ನೂ ಬೆರಳಲ್ಲಿ ತಡವಿ ಬಿರುಕಿನವನ್ನು ಎಸೆದ. ಉಳಿದವನ್ನು ಫ್ರಿಜ್ಜಿನೊಳಗಿಟ್ಟು, ರಾಶಿಬಿದ್ದ ತಿಂಡಿ ತಟ್ಟೆಗಳ ಕಡೆ ಹೋದ. ಹತ್ತೂವರೆಗೆ ಬಂದು ಫ್ರಿಜ್ ತೆಗೆದರೆ ಖಾಲಿ!

"ಎಂಟು ಗಂಟೆಗೇ ಬಚ್ಚಿಟ್ವಿ ಕಣೋ," ಬಾಗಿಲಲ್ಲಿ ನಿಂತಿದ್ದ ಕ್ಯಾಂಟೀನಿನ ಗುಮಾಸ್ತರು ಮೀಸೆ ತಿರುವಿದರು. "ನಿನಗೆ ಸಹಾಯ ಆಗ್ಲಿ ಅಂತ, ನಾನೂ ಅಕ್ಕನೂ."

"ಎರಡೂವರೆ ಗಂಟೆ ಬಿಸಿಲಲ್ಲಿತ್ತಾ ಸಾರ್? ಬೇಯಿಸಿದ ಮೊಟ್ಟೆ ಹೊರಗಡೆ ಎರಡು ಗಂಟೆ ದಾಟಿದ್ರೆ ಕಸಕ್ಕೇ!"

"ಸುಮ್ನಿರೋ. ಮೊಟ್ಟೆ ಏನು ಗಡಿಯಾರ ಕಟ್ಕೊಂಡಿದ್ಯಾ?"

ಜಗಳ ಆಡಲೂ ಪುರುಸೊತ್ತಿರಲಿಲ್ಲ. ಬ್ರಷ್ಷು ಗೂಳಿಯಂತೆ ತೋಟಕ್ಕೆ ನುಗ್ಗಿದ. ಹೂಕುಂಡ, ಬೆಂಚಿನಡಿ, ಕೊನೆಗೆ ಗುಮಾಸ್ತರ ಸೈಕಲ್ ಬುಟ್ಟಿಯನ್ನೂ ಬಿಡದೆ ಜಾಲಾಡಿ, ಎಲ್ಲವನ್ನೂ ಕಸದ ಡಬ್ಬಿಗೆ ಸುರಿದ. ಉಗ್ರಾಣದ ಹೊಸ ಮೊಟ್ಟೆ ಒಲೆಗೇರಿಸಿದ.

ಮಕ್ಕಳು ಬರುವ ಹೊತ್ತಿಗೆ ಊಟದ ಕೋಣೆಯ ತುಂಬ ಮುಚ್ಚಿಟ್ಟ ಬಟ್ಟಲುಗಳು. ಕೆಲವು ಖಾಲಿ, ಕೆಲವುಗಳಲ್ಲಿ ಬರೀ ಬಿಳಿ ಮೊಟ್ಟೆ; ಮುಚ್ಚಳ ತೆಗೆದು ಹುಡುಕುವ ಆಟ.

"ಬಣ್ಣ ಇಲ್ದೆ ಎಂಥ ಹಬ್ಬನೋ?" ಎಂದರು ಗುಮಾಸ್ತರು.

"ಬಣ್ಣ ನೀವು ನೋಡ್ಕೊಳ್ಳಿ ಸಾರ್. ಮಕ್ಕಳ ಹೊಟ್ಟೆ ನಾನು ನೋಡ್ಕೋತೀನಿ."

ಮಕ್ಕಳು ಮುಚ್ಚಳ ಬಡಿದು ಕುಣಿದರು. ಒಂದು ಮೊಟ್ಟೆಯೂ ಉಳಿಯಲಿಲ್ಲ. ಒಂದು ಮಗುವೂ ಹೊಟ್ಟೆ ಹಿಡಿದುಕೊಳ್ಳಲಿಲ್ಲ. ಸಂಜೆ ಮೇಡಂ ಎಲ್ಲರೆದುರು ಅವನ ಬೆನ್ನು ತಟ್ಟಿದರು.

"ಇಂಥ ಶುಚಿ ನಾನು ಜನ್ಮದಲ್ಲಿ ನೋಡಿಲ್ಲ! ಒಲೆಗೆ ಯಾರು ಬೇಕಾದ್ರೂ ಸಿಗ್ತಾರೆ. ಇಂಥ ಕೈ ಪಾತ್ರೆ ಬಿಟ್ಟು ಕದಲಬಾರ್ದು. ಒಲೆಗೆ ಇವತ್ತಿಂದ ಅಕ್ಕ."

ಚಪ್ಪಾಳೆ ಬಿತ್ತು. ಅಕ್ಕ ಈರುಳ್ಳಿ ಹತ್ತಿದ ಕೈಯಲ್ಲೇ ಒಲೆಯತ್ತ ಹೊರಟಳು. ಬ್ರಷ್ಷು ಅಡ್ಡ ನಿಂತ. ಅವನ ತಲೆ ಒಂದಿಷ್ಟೂ ತಗ್ಗಲಿಲ್ಲ. ಸೋಪು ಮುಂದೆ ಹಿಡಿದ.

"ಅಕ್ಕಾ, ಮೊದ್ಲು ಕೈ ತೊಳ್ಕೋ. ನನ್ನ ಸಿಂಕಲ್ಲಿ."