ಒಂದೇ ಸೀಟಿನ ಸಂಸಾರದ ಕಾರು

ಬಸ್ಸಿನ ಬಾಡಿ ಕಟ್ಟುವ ಕಾರ್ಖಾನೆಯಲ್ಲಿ ಇಪ್ಪತ್ತಾರು ವರ್ಷ ನಕ್ಷೆ ಬರೆದ ಅಳತೆಪ್ಪ ಒಂದು ಸೋಮವಾರ ಊಟದ ಡಬ್ಬಿ ಮುಚ್ಚಿ, ಗಂಟಲು ಸರಿಮಾಡಿಕೊಂಡು ಘೋಷಿಸಿದ: ಇನ್ನು ಮೂರು ತಿಂಗಳಲ್ಲಿ ತನ್ನ ಶೆಡ್ಡಿನಿಂದ ಒಂದು ಕಾರು ಹೊರಬೀಳಲಿದೆ, ಅದನ್ನು ಕಂಡ ಕಾರು ಕಂಪನಿಯವರು ನಾಚಿಕೆಯಿಂದ ಪೆನ್ಸಿಲು ಮುರಿದುಹಾಕಬೇಕು! ಅಳತೆಪ್ಪ ಎಂಬುದು ಸಹೋದ್ಯೋಗಿಗಳು ಇಟ್ಟ ಹೆಸರು. ಚಪ್ಪಲಿ ಕೊಳ್ಳಲು ಹೋದರೂ ಅವನ ಜೇಬಿನಲ್ಲಿ ಸ್ಕೇಲು ಇರುತ್ತಿತ್ತು.

ಕಾರು ಹೊಸದೇನಲ್ಲ. ದುಂಡು ಮೂತಿ, ಅಗಲ ಬೆನ್ನು, ನಾಲ್ಕು ಬಾಗಿಲಿನ ಹಳೆಯ ಸಂಸಾರಸ್ಥ ಕಾರು. ಒಂದು ಕಾಲದಲ್ಲಿ ಅದರ ಹಿಂದಿನ ಸೀಟಿನಲ್ಲಿ ಅತ್ತೆ, ಮಗಳು, ಇಬ್ಬರು ನಾದಿನಿಯರು, ಅವರೆಲ್ಲರ ಮಧ್ಯೆ ಒಂದು ಹೊಲಿಗೆ ಮೆಷಿನ್ನು ಕೂಡ ಪ್ರಯಾಣ ಮಾಡಿದ್ದುಂಟು. ಈಗ ಅತ್ತೆ ಇಲ್ಲ. ಮಗಳು ಮದುವೆಯಾಗಿ ಹೋದಳು. ನರ್ಸ್ ಆಗಿದ್ದ ಹೆಂಡತಿಗೆ ಹತ್ತು ಗಂಟೆ ದಾರಿಯ ಊರಿನ ಆಸ್ಪತ್ರೆಯಲ್ಲಿ ಮೇಲಿನ ಹುದ್ದೆ ಸಿಕ್ಕಿ ಎರಡು ವರ್ಷವಾಗುತ್ತ ಬಂತು. ಹೋಗಲೋ ಬೇಡವೋ ಎಂದು ಅವಳು ಕೇಳಿದಾಗ ಅಳತೆಪ್ಪ ಪೇಪರಿನಿಂದ ತಲೆಯೆತ್ತದೆ, "ನಿನ್ನಿಷ್ಟ" ಎಂದಿದ್ದ. ಅಂದಿನಿಂದ ದಿನವೂ ಫೋನು. ಊಟ ಆಯ್ತಾ, ಆಯ್ತು, ಹುಷಾರು, ಹೂಂ. ಅಷ್ಟರಲ್ಲಿ ಮಾತಿನ ಖಜಾನೆ ಬರಿದಾಗುತ್ತಿತ್ತು.

ಒಬ್ಬನೇ ಓಡಿಸುವ ಕಾರಿಗೆ ನಾಲ್ಕು ಬಾಗಿಲು ಯಾಕೆ? ಅಳತೆಪ್ಪ ಹಾಳೆ ಹರಡಿ ಗೆರೆ ಎಳೆದ. ಹಿಂದಿನ ಬಾಗಿಲೆರಡನ್ನೂ ಬೆಸುಗೆ ಹಾಕಿ ಮುಚ್ಚಿ, ಮೇಲೆ ಪುಟ್ಟಿ ಮೆತ್ತಿ ತಿಕ್ಕಿ ನುಣುಪು ಮಾಡಿದ. ಹಿಂದಿನ ಸೀಟು ಗುಜರಿಗೆ ಹೋಯಿತು. ಪಕ್ಕದ ಸೀಟನ್ನು ಒಂದು ವಾರ ನೋಡುತ್ತ ಕೂತು, ಅದನ್ನೂ ಬಿಚ್ಚಿದ. ಕಾರಿನ ಒಳಗೂ ಹೊರಗೂ ಏನೂ ಚಾಚಿಕೊಂಡಿರಬಾರದೆಂದು ಬಾಗಿಲ ಹಿಡಿಗಳನ್ನೂ ಕಿತ್ತ. ಇನ್ನು ಬಾಗಿಲು, ಕಿಟಕಿ, ಡಿಕ್ಕಿ ಎಲ್ಲವೂ ಬಟನ್ನಿನ ಅಪ್ಪಣೆಯಂತೆ! ಹೆಂಡತಿ ಕೇಳಿದಾಗ ಮಾತ್ರ, "ಸಣ್ಣ ರಿಪೇರಿ" ಎಂದ.

ಮೂರನೆಯ ತಿಂಗಳ ಕೊನೆಯ ಭಾನುವಾರ ಬೆಳಿಗ್ಗೆ ಎಂಟೂವರೆಗೆ ಅಳತೆಪ್ಪ ಮಹಾರಾಜನಂತೆ ಏಕೈಕ ಸಿಂಹಾಸನದಲ್ಲಿ ಆಸೀನನಾದ. ಬಟನ್ ಒತ್ತಿದ. ಬಾಗಿಲು ಟಕ್ಕೆಂದು ತೆರೆಯಿತು. ಮುಚ್ಚಿದ. ಮತ್ತೆ ಒತ್ತಿದ. ಆಹಾ! ದೀಪ ಹಚ್ಚಿದ, ರೇಡಿಯೊ ಹಾಕಿದ, ಕಿಟಕಿ ಏರಿಸಿದ, ಇಳಿಸಿದ, ಏರಿಸಿದ. ಮೆಚ್ಚಿಕೊಳ್ಳಲು ಬೇರೆ ಯಾರೂ ಇಲ್ಲದ್ದರಿಂದ ತಾನೇ ನಲವತ್ತು ಸಲ ಮೆಚ್ಚಿಕೊಂಡ. ನಲವತ್ತೊಂದನೆಯ ಸಲ ಬಟನ್ ಒತ್ತಿದಾಗ ಟಕ್ ಎನ್ನಲಿಲ್ಲ. ರೇಡಿಯೊ ಗೊರಗೊರ ಎಂದು ಕಣ್ಣುಮುಚ್ಚಿತು. ಬ್ಯಾಟರಿ ಸತ್ತಿತ್ತು.

ಹಾರನ್ನಿಗೂ ಅದೇ ಬ್ಯಾಟರಿ. ಹಿಂದಿನ ಬಾಗಿಲು ಹುಡುಕಿದರೆ ಅವನ ಬೆಸುಗೆ ಅವನಿಗೇ ಸವಾಲು ಹಾಕಿತು; ಕಾರ್ಖಾನೆಯಲ್ಲೂ ಅಂಥ ಅಚ್ಚುಕಟ್ಟು ಕೆಲಸ ಮಾಡಿರಲಿಲ್ಲ. ಗಾಜಿಗೆ ಗುದ್ದಿದ. ಕೈ ನೊಂದಿತು, ಗಾಜಿಗೇನೂ ಆಗಲಿಲ್ಲ. ಸುತ್ತಿಗೆ ಎಲ್ಲಿ? ಹೊರಗೆ ಮೇಜಿನ ಮೇಲೆ. ಫೋನು? ಸುತ್ತಿಗೆಯ ಪಕ್ಕದಲ್ಲಿ. ಕೂಗಿದರೆ ಎದುರು ಮನೆಯ ಟೈಲರಮ್ಮನ ಮೆಷಿನ್ನು ಅದಕ್ಕಿಂತ ಜೋರಾಗಿ ಕೂಗುತ್ತಿತ್ತು.

ಬಿಸಿಲೇರಿತು. ಬೆವರು ಒರೆಸುತ್ತ ಅಳತೆಪ್ಪ ತನ್ನನ್ನು ಹುಡುಕಿಕೊಂಡು ಯಾರು ಬರಬಹುದೆಂದು ಲೆಕ್ಕ ಹಾಕಿದ. ಪೇಪರಿನವನು ಗೇಟಿನಾಚೆಯಿಂದಲೇ ಎಸೆದು ಹೋಗಿದ್ದ. ಕಾರ್ಖಾನೆಯಲ್ಲಿ ನಾಳೆ ಹತ್ತು ಗಂಟೆಗೆ ಯಾರಾದರೂ, "ಅಳತೆಪ್ಪ ಬಂದಿಲ್ವಾ?" ಎಂದಾರು. ಹನ್ನೊಂದಕ್ಕೆ ಮರೆತಾರು. ಹಾಳೆಯ ಮೇಲೆ ಎಷ್ಟೋ ಬಸ್ಸುಗಳಿಗೆ ಜನ ಕೂರಿಸಿದ ಮನುಷ್ಯನಿಗೆ ತನ್ನ ಹೆಸರು ಹಿಡಿದು ಕರೆಯುವ ಇನ್ನೊಬ್ಬರು ಹೊಳೆಯಲಿಲ್ಲ.

ಒಂಬತ್ತೂವರೆಗೆ ಮೇಜಿನ ಮೇಲೆ ಫೋನು ಹೊಡೆದುಕೊಂಡಿತು. ಹೆಂಡತಿಯದು. ಮೊದಲ ಸಲ ಅವನಿಗೆ ಸಿಟ್ಟು ಬಂತು, ಈಗಲೇ ಮಾಡಬೇಕಾ ಎಂದು. ಎರಡನೆಯ ಸಲ, "ಇಲ್ಲಿದೀನಿ ಕಣೇ" ಎಂದ. ಮೂರು, ನಾಲ್ಕು. ಐದನೆಯ ಸಲ ಗಾಜಿಗೆ ಹಣೆಯಿಟ್ಟು, ಊಟದ ವಿಷಯ ಬಿಟ್ಟು ಏನೇನೋ ಉತ್ತರ ಹೇಳಿದ. ಎರಡು ವರ್ಷದಲ್ಲಿ ಅಷ್ಟು ಮಾತಾಡಿದ್ದು ಅದೇ ಮೊದಲು; ಕೇಳಲು ಅವಳಿರಲಿಲ್ಲ. ಏಳನೆಯ ಸಲ ಹೊಡೆದುಕೊಂಡು ಫೋನು ಸುಮ್ಮನಾಯಿತು. ಆ ಮೌನ ಅವನನ್ನು ಬಿಸಿಲಿಗಿಂತ ಹೆಚ್ಚು ಬಾಡಿಸಿತು.

ಸ್ವಲ್ಪ ಹೊತ್ತಿಗೆ ಹೊಲಿಗೆ ಮೆಷಿನ್ನು ನಿಂತಿತು. ಕೊರಳಿಗೆ ಟೇಪು, ಕೈಯಲ್ಲಿ ಕತ್ತರಿ, ಕಿವಿಗೆ ಫೋನು ಹಿಡಿದು ಟೈಲರಮ್ಮ ಶೆಡ್ಡಿಗೆ ಬಂದರು. ಬಗ್ಗಿ ನೋಡಿ ಫೋನಿಗೆ ಹೇಳಿದರು: "ಅಕ್ಕಾ, ಇಲ್ಲೇ ಇದಾರೆ. ಕಾರೊಳಗಿದಾರೆ. ಮೀನಿನ ಥರ ಬಾಯಿ ಆಡಿಸ್ತಿದಾರೆ."

ಬಾಗಿಲಿಗೆ ಹಿಡಿ ಹುಡುಕಿ ಸುತ್ತ ಎರಡು ಪ್ರದಕ್ಷಿಣೆ ಹಾಕಿದರು. ಸುತ್ತಿಗೆ ಎತ್ತಿಕೊಂಡಾಗ ಅಳತೆಪ್ಪ ಎರಡೂ ಕೈ ಮುಗಿದ, ಆ ಗಾಜು ಇನ್ನು ಎಲ್ಲೂ ಸಿಗುವುದಿಲ್ಲವೆಂದು ಅರಚಿದ. ಹಿಂದಿನ ಗಾಜನ್ನು ಹಿಡಿದಿರುವ ರಬ್ಬರನ್ನು ಕತ್ತರಿಸಿದರೆ ಗಾಜು ಇಡಿಯಾಗಿ ಕಳಚಿ ಬರುತ್ತದೆಂದು ಒಳಗಿನಿಂದಲೇ ಬೆರಳಲ್ಲಿ ಗೆರೆ ಎಳೆದು ತೋರಿಸಿದ. ಎಷ್ಟು ಇಂಚು, ಯಾವ ಕೋನ ಎಂಬುದನ್ನೂ ಸೇರಿಸಿದ.

"ಅಣ್ಣ, ಮೂವತ್ತು ವರ್ಷದಿಂದ ಕತ್ತರಿ ಹಿಡಿದಿದೀನಿ," ಎಂದರು ಟೈಲರಮ್ಮ. "ನೀವು ಸುಮ್ಮನೆ ಕೂತ್ಕೊಳ್ಳಿ."

ಬಟ್ಟೆಯ ಅಂಚು ಬಿಚ್ಚಿದಷ್ಟೇ ಸಲೀಸಾಗಿ ರಬ್ಬರು ಸುತ್ತಿ ಬಂತು. ಗಾಜು ಅವರ ತೋಳಿಗೆ ಇಳಿಯಿತು. ಹಿಂದಿನ ಸೀಟಿಲ್ಲದ ಬಯಲಿನಲ್ಲಿ ತೆವಳಿ, ಮೊದಲು ತಲೆ, ಆಮೇಲೆ ಹೊಟ್ಟೆ, ಬಹಳ ಹೊತ್ತಿನ ಮೇಲೆ ಉಳಿದದ್ದು ಎಂಬ ಕ್ರಮದಲ್ಲಿ ಕಾರು ವಿನ್ಯಾಸಕಾರರು ಡಿಕ್ಕಿಯ ಮೇಲಿಂದ ಜಾರಿ ನೆಲಕ್ಕೆ ಬಿದ್ದರು!

ಟೈಲರಮ್ಮ ಕೆಳಗಿಟ್ಟಿದ್ದ ಫೋನಿನಲ್ಲಿ ಹೆಂಡತಿ ಇನ್ನೂ ಇದ್ದಳು. ಮುಂದಿನ ತಿಂಗಳು ನಾಲ್ಕು ದಿನ ರಜೆ ಸಿಕ್ಕಿದೆಯೆಂದು ಹೇಳಲು ಫೋನು ಮಾಡಿದ್ದಳಂತೆ. ಕಾರಿನ ಕಥೆಯನ್ನು ಬಾಗಿಲು ಬಾಗಿಲಾಗಿ ಕೇಳಿಸಿಕೊಂಡಳು. ನಗಲಿಲ್ಲ.

"ಪಕ್ಕದ ಸೀಟೂ ತೆಗೆದ್ರಾ?"

"ಹೂಂ. ಒಬ್ಬನೇ ಅಲ್ವಾ."

"ಅದು ಕಾರಲ್ಲ ರೀ, ದೂರು," ಎಂದಳು. "ನಾನು ಹೊರಟಾಗ 'ಹೋಗ್ಬೇಡ, ಬೇಜಾರಾಗುತ್ತೆ' ಅಂತ ಬಾಯಲ್ಲಿ ಹೇಳೋದಲ್ವಾ? ಒಂದು ಮಾತಿಗೆ ಯಾರಾದ್ರೂ ಇಷ್ಟು ವೆಲ್ಡಿಂಗ್ ಮಾಡ್ತಾರಾ?"

ಅಳತೆಪ್ಪ ಧೂಳು ಮೆತ್ತಿದ ಮೂಗನ್ನು ಒರೆಸಿಕೊಂಡ. ಬಾಯಿ ತೆರೆದ, ಮುಚ್ಚಿದ, ಮತ್ತೆ ತೆರೆದ.

"ಬೇಗ ಹೇಳಿ ಅಣ್ಣ," ಎಂದರು ಟೈಲರಮ್ಮ ಹಿಂದಿನಿಂದ. "ಈ ಗಾಜು ಭಾರ ಇದೆ."